ಆಯುವವನ ಹೆಸರು

ಪ್ರಾಚೀನ ಗ್ರೀಕ್ ಭಾಷೆಯಲ್ಲಿ ಆಲಿವ್ ಆಯುವ ಆಳಿಗೆ ‘ಎಲಾಒಲೊಗೊಸ್’ ಎಂಬ ಹೆಸರಿತ್ತು. ಇದರ ಮೊದಲ ಭಾಗವಾದ ‘ಎಲಾಆ’ ಅಥೆನ್ಸಿನವರ ಆಡುನುಡಿಯಲ್ಲಿ ಆಲಿವ್‌ಗೆ ಸಲ್ಲುವ ಪದ. ಉಳಿದದ್ದು ‘ಲೆಗೇಯ್ನ್’ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಹೆಕ್ಕು, ಆಯು ಎಂಬ ಹಳೆಯ ಅರ್ಥದಿಂದ ಹೊರಟ ಆ ಕ್ರಿಯಾಪದ ಬರಬರುತ್ತ ಎಣಿಸು, ವಿವರಿಸು, ಮಾತಾಡು ಎಂದೆಲ್ಲ ಹಿಗ್ಗಿತು. ದಾರ್ಶನಿಕರು ಮಾತಿಗೂ ತರ್ಕಕ್ಕೂ ಬಳಸಿದ ‘ಲೊಗೊಸ್’ ಎಂಬ ಘನವಾದ ಪದವೂ ಅದರದೇ ಕುಡಿ. ಲೆಕ್ಕ ಹಾಕುವುದಕ್ಕೂ ಮನಸ್ಸಿನಲ್ಲಿ ಭಾವಿಸುವುದಕ್ಕೂ ‘ಎಣಿಸು’ ಎಂಬ ಒಂದೇ ಪದವನ್ನು ಬಳಸುವ ಕನ್ನಡಿಗರಿಗೆ ಈ ಹಾದಿ ಹೊಸದೇನಲ್ಲ. ಲ್ಯಾಟಿನ್ನಿನಲ್ಲಿಯೂ ‘ಲೆಗೆರೆ’ ಎಂದರೆ ಆಯುವುದೂ ಹೌದು, ಓದುವುದೂ ಹೌದು. ಆಲಿವನ್ನೋ ದ್ರಾಕ್ಷಿಯನ್ನೋ ಕೀಳುವ ‘ಲೆಗುಲುಸ್’ ಆಳನ್ನೂ ಅಕ್ಷರಗಳನ್ನು ಆಯುವ ಕಣ್ಣನ್ನೂ ವಾರೋ ಎಂಬ ರೋಮನ್ ವಿದ್ವಾಂಸ ಒಂದೇ ಸಾಲಿನಲ್ಲಿ ಕೂರಿಸಿದ್ದಾನೆ.

ಇಷ್ಟು ದೊಡ್ಡ ನಂಟಸ್ತಿಕೆಯ ಈ ಗ್ರೀಕ್ ಪದ ಸಾಹಿತ್ಯದಲ್ಲಿ ಕಾಣಿಸಿಕೊಳ್ಳುವುದು ಮಾತ್ರ ಒಂದು ಹೀಯಾಳಿಕೆಯಾಗಿ. ಕ್ರಿ.ಪೂ. 422ರಲ್ಲಿ ರಂಗಕ್ಕೆ ಬಂದ ಅರಿಸ್ಟೊಫನೀಸನ ‘ಕಣಜದ ಹುಳುಗಳು’ ಪ್ರಹಸನದಲ್ಲಿ, ದಿನಕ್ಕೆ ಮೂರು ಒಬೊಲ್, ಅಂದರೆ ಅರ್ಧ ದ್ರಾಖ್ಮ, ಭತ್ಯೆಗಾಗಿ ನ್ಯಾಯಾಲಯಕ್ಕೆ ಓಡುವ ಮುದುಕನ ಮುಂದೆ ಮಗ ಲೆಕ್ಕ ಬಿಚ್ಚಿಡುತ್ತಾನೆ: ನಗರದ ಆದಾಯ ಸುಮಾರು 2,000 ಟ್ಯಾಲೆಂಟ್, ಆರು ಸಾವಿರ ನ್ಯಾಯದರ್ಶಿಗಳಿಗೆ ಸಿಗುವುದು 150, ಮಿಕ್ಕಿದ್ದು ಮುಂದಾಳುಗಳ ಪಾಲು. ಆದರೂ ಇವರು ಆಲಿವ್ ಆಯುವವರ ಹಾಗೆ ಕೂಲಿ ಹಿಡಿದವನ ಬೆನ್ನು ಹತ್ತಿ ನಡೆಯುತ್ತಾರೆ ಎಂಬುದು ಅವನ ಕಟಕಿ. ಬೈಗುಳ ನ್ಯಾಯದರ್ಶಿಗಳಿಗೆ ತಾಗಿದರೂ, ಅದಕ್ಕೆ ಮೊನೆ ಬಂದದ್ದು ಸುಗ್ಗಿಯ ಕೂಲಿಯಾಳನ್ನು ಕೀಳೆಂದು ಎಣಿಸಿದ ಪ್ರೇಕ್ಷಕರ ರೂಢಿಯಿಂದಲೇ ಇರಬೇಕು.

ಆ ಕೆಲಸದ ಬಗೆಯನ್ನು ನೋಡಬೇಕಾದರೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಹೂಜಿಯ ಬಳಿಗೆ ಹೋಗಬೇಕು. ಆಂಟಿಮೆನೀಸ್ ಚಿತ್ರಕಾರನೆಂದು ವಿದ್ವಾಂಸರು ಕರೆಯುವ ಕಲಾವಿದ ಕ್ರಿ.ಪೂ. 520ರ ಸುಮಾರಿಗೆ ಅದರ ಮೇಲೆ ಕಪ್ಪು ಬಣ್ಣದಲ್ಲಿ ಬಿಡಿಸಿದ ಚಿತ್ರದಲ್ಲಿ ಗಡ್ಡದ ಇಬ್ಬರು ಉದ್ದನೆಯ ಗಳುಗಳಿಂದ ಮರವನ್ನು ಬಡಿಯುತ್ತಿದ್ದಾರೆ, ಯುವಕನೊಬ್ಬ ಕೊಂಬೆಯ ಮೇಲೆ ಕುಳಿತು ತಾನೂ ಕೋಲು ಬೀಸುತ್ತಿದ್ದಾನೆ. ಹೀಗೆ ಬಡಿದರೆ ಎಳೆಯ ರೆಂಬೆಗಳು ಮುರಿದು ಮುಂದಿನ ವರ್ಷದ ಫಸಲು ಕೆಡುತ್ತದೆಂದು, ಕೈಗೆಟಕುವುದನ್ನು ಕೈಯಿಂದಲೇ ಕೀಳಬೇಕೆಂದು ಅದೇ ವಾರೋ ತನ್ನ ಕೃಷಿಗ್ರಂಥದಲ್ಲಿ ಎಚ್ಚರಿಸುತ್ತಾನೆ. ಪದದ ಅಕ್ಷರಾರ್ಥಕ್ಕೆ ಸರಿಹೊಂದುವವನು ಕೆಳಗಿದ್ದಾನೆ: ಮೊಣಕಾಲೂರಿ, ಉದುರಿದ ಕಾಯಿಗಳನ್ನು ಬುಟ್ಟಿಗೆ ತುಂಬುತ್ತಿರುವ ಬೆತ್ತಲೆ ಹುಡುಗ. ಕೂಲಿ ಹಿಡಿದವನು ಚಿತ್ರದಲ್ಲಿ ಎಲ್ಲಿಯೂ ಇಲ್ಲ.