ಆಯುಧಪೂಜೆಯ ಮಾರನೆಯ ದಿನ

ನಮ್ಮ ಮನೆಯಲ್ಲಿ ಏನು ಕೆಟ್ಟರೂ ಮೊದಲು ಏಳುವ ಪ್ರಶ್ನೆ ‘ಯಾರು ಮುಟ್ಟಿದ್ದು?’ ಎಂಬುದು. ‘ಏನಾಗಿದೆ?’ ಎಂದು ಕೇಳುವವರು ಕಡಿಮೆ. ಮಿಕ್ಸಿ ನಿಂತರೆ ನಾನು ಮುಟ್ಟಿದ್ದು, ನಲ್ಲಿ ಸೋರಿದರೆ ನಾನು ತಿರುಗಿಸಿದ್ದು. ಹಾಗಾಗಿ 2025ರ ವಿಜಯದಶಮಿಯ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ವೈಫೈ ಮಾಯವಾದಾಗ ನಾನು ಯಾರಿಗೂ ಹೇಳದೆ ಎರಡು ಸಲ ಆಫ್ ಮಾಡಿ, ಆನ್ ಮಾಡಿ ನೋಡಿದೆ. ಬರಲಿಲ್ಲ. ಹಿಂದಿನ ದಿನವಷ್ಟೇ ಆಯುಧಪೂಜೆಗೆಂದು ಅದನ್ನು ಮೂಲೆಮೂಲೆಯೂ ಬಿಡದೆ ಒರೆಸಿ, ಕುಂಕುಮವಿಟ್ಟು, ಸೇವಂತಿಗೆ ಏರಿಸಿದವಳೂ ನಾನೇ.

ಆ ಲ್ಯಾಪ್‌ಟಾಪು ಮಗಳು ಕಾಲೇಜಿನಲ್ಲಿ ಬಳಸಿ ಬಿಟ್ಟುಹೋದದ್ದು. ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲುವುದಿತ್ತು. ಗೌರಿಹಬ್ಬಕ್ಕೆ ಬಂದ ಮಗಳು, “ಹೊಸದು ಕೊಳ್ಳುವುದು ಯಾಕಮ್ಮ, ಇದಕ್ಕೆ ಲಿನಕ್ಸ್ ಹಾಕಿದರೆ ಇನ್ನೂ ನಾಲ್ಕು ವರ್ಷ ಓಡುತ್ತೆ” ಎಂದು ಒಂದು ಪೆನ್‌ಡ್ರೈವಿನಿಂದ ಅದನ್ನು ಇಳಿಸಿದಳು. ಈ ಲಿನಕ್ಸ್ 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ ಶುರುಮಾಡಿದ್ದಂತೆ. ಅಡುಗೆಯ ಜೊತೆಗೆ ಮಾಡುವ ವಿಧಾನವನ್ನೂ ಊರಿಗೆಲ್ಲ ಹಂಚಿದ ಹಾಗೆ, ಅದರ ಒಳಗುಟ್ಟನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದರಲ್ಲಿ ಹಲವು ಬಗೆ. ನಮ್ಮದು ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಎಂಬುವರು ತಮ್ಮ ಗೆಳತಿ ಡೆಬ್ರಾ ಹೆಸರಿಗೆ ತಮ್ಮ ಹೆಸರನ್ನು ಸೇರಿಸಿ ಇಟ್ಟದ್ದು. ಹೆಣ್ಣಿನ ಹೆಸರು ಮೊದಲು ಬಂದಿದೆಯಲ್ಲ ಎಂದು ನನಗೆ ಅದರ ಮೇಲೆ ಸ್ವಲ್ಪ ಅಭಿಮಾನ.

ಅಭಿಮಾನವೇನೋ ಸರಿ, ಭಯ ಬೇರೆಯೇ ಇತ್ತು. ನಮ್ಮ ಬೀದಿಯ ಮಹಿಳಾ ಸಂಘದ ಲೆಕ್ಕ ನನ್ನ ಜವಾಬ್ದಾರಿ. ಹದಿನಾಲ್ಕು ಹೆಂಗಸರ ಮೂರು ವರ್ಷದ ಉಳಿತಾಯ, ಸಾಲ, ಬಡ್ಡಿ, ಎಲ್ಲವೂ ಆ ಪೆಟ್ಟಿಗೆಯೊಳಗೆ. ಇನ್ನೊಂದು ಕಡೆ ಪ್ರತಿ ಇಟ್ಟಿರಲಿಲ್ಲ. ಹೂವು ಮಾರಿ ವಾರಕ್ಕೆ ನೂರು ರೂಪಾಯಿ ಕಟ್ಟುವವರು ಅದರಲ್ಲಿದ್ದಾರೆ. ‘ಮೆಷಿನ್ ಕೆಟ್ಟು ಲೆಕ್ಕ ಹೋಯಿತು’ ಎಂದು ಅವರ ಮುಂದೆ ಯಾವ ಬಾಯಲ್ಲಿ ಹೇಳಲಿ?

ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಹುಡುಗ ಮುಚ್ಚಳ ತೆರೆದು ನೋಡಿ, “ಇದೇನಾಂಟಿ, ಲಿನಕ್ಸ್ ಹಾಕಿಸಿದೀರಾ? ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಬೇಕು. ಡೇಟಾಗೆ ಗ್ಯಾರಂಟಿ ಇಲ್ಲ” ಅಂದ.

“ಏನಾಗಿದೆಯಪ್ಪ ಅದಕ್ಕೆ?”

“ಹೇಳಿದ್ರೂ ನಿಮಗೆ ಗೊತ್ತಾಗಲ್ಲ ಬಿಡಿ.”

ಈ ಮಾತು ನನಗೆ ಹೊಸದಲ್ಲ. ಬ್ಯಾಂಕಿನಲ್ಲಿ ಕೇಳಿದ್ದೇನೆ, ಆಸ್ಪತ್ರೆಯಲ್ಲೂ ಕೇಳಿದ್ದೇನೆ. ಆ ದಿನ ಮಾತ್ರ ಯಾಕೋ ನುಂಗಲಾಗಲಿಲ್ಲ. ಲ್ಯಾಪ್‌ಟಾಪನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ವಾಪಸು ಬಂದೆ.

ರಾತ್ರಿ ಮಗಳಿಗೆ ಫೋನು ಮಾಡಿದೆ. ಅವಳು ಬೈಯಲಿಲ್ಲ. “ಮೊದಲು ಲೆಕ್ಕವನ್ನೆಲ್ಲ ಬೇರೆ ಪೆನ್‌ಡ್ರೈವಿಗೆ ಹಾಕಿಕೋ. ಆಮೇಲೆ ಏನು ಬೇಕಾದರೂ ಮುಟ್ಟು” ಅಂದಳು. ಐದು ನಿಮಿಷದ ಕೆಲಸ. ಮೂರು ವರ್ಷದಿಂದ ಮಾಡದೆ ಬಿಟ್ಟಿದ್ದ ಕೆಲಸ. ಅದು ಮುಗಿದ ಮೇಲೆ ಎದೆಬಡಿತ ಹದಕ್ಕೆ ಬಂತು.

“ಈಗ ನಾನು ಹಾಕಿಕೊಟ್ಟ ಪೆನ್‌ಡ್ರೈವಿನಿಂದಲೇ ಮೆಷಿನ್ ಶುರುಮಾಡು. ಒಳಗಿನದನ್ನು ಮುಟ್ಟದೆ, ಹೊಚ್ಚಹೊಸ ಲಿನಕ್ಸ್ ಅದರ ಮೇಲೇ ಓಡುತ್ತೆ.” ಓಡಿತು. ಅಲ್ಲೂ ವೈಫೈ ಇಲ್ಲ. ನನ್ನ ಮುಖ ಬಾಡಿತು, ಮಗಳಿಗೆ ಮಾತ್ರ ಉತ್ಸಾಹ. “ಹೊಸದರಲ್ಲೂ ಇಲ್ಲ ಅಂದರೆ ತೊಂದರೆ ನಮ್ಮ ಹಳೆಯ ಲಿನಕ್ಸಿನ ಸೆಟ್ಟಿಂಗಿನದಲ್ಲ. ಫಾರ್ಮ್ಯಾಟ್ ಮಾಡಿದ್ದರೂ ಹೋಗುತ್ತಿರಲಿಲ್ಲ, ಲೆಕ್ಕ ಮಾತ್ರ ಹೋಗುತ್ತಿತ್ತು!” ನಾನು ಆ ಅಂಗಡಿಯ ಮೆಟ್ಟಿಲು ನೆನೆದು ಬೆವರಿದೆ.

ಮತ್ತೆ ನಮ್ಮ ಹಳೆಯದಕ್ಕೇ ಬಂದು, ಟರ್ಮಿನಲ್ ಎಂಬ ಕಪ್ಪು ಪರದೆ ತೆರೆದೆ. ‘ಎಲ್‌ಎಸ್‌ಪಿಸಿಐ’ ಎಂದು ಬರೆದು, ಜಾಗ ಬಿಟ್ಟು, ಸಣ್ಣ ಅಡ್ಡಗೆರೆ, ‘ಕೆ’. ಇದು ತರಗತಿಯಲ್ಲಿ ಹಾಜರಿ ಕರೆದ ಹಾಗೆ. ಒಳಗಿರುವ ಭಾಗಗಳೆಲ್ಲ ಒಂದೊಂದಾಗಿ ‘ಇದ್ದೇನೆ’ ಎನ್ನುತ್ತವೆ. ವೈಫೈ ಕಾರ್ಡಿನ ಹೆಸರೇ ಬಾರದಿದ್ದರೆ ಕಾರ್ಡು ಸಡಿಲವಾಗಿರಬಹುದು, ಸತ್ತೂ ಇರಬಹುದು. ಹೆಸರಿದ್ದು, ಕೆಳಗೆ ಅದನ್ನು ನಡೆಸುವ ಡ್ರೈವರಿನ ಹೆಸರಿಲ್ಲದಿದ್ದರೆ ಡ್ರೈವರು ಹಾಕಬೇಕು. ನಮ್ಮದರಲ್ಲಿ ಎರಡೂ ಇದ್ದವು.

“ಹಾಗಾದರೆ ಯಾರೋ ಬಾಗಿಲಿಗೆ ಅಗುಳಿ ಹಾಕಿದ್ದಾರೆ. ‘ಸುಡು ಆರ್‌ಎಫ್‌ಕಿಲ್ ಲಿಸ್ಟ್’ ಅಂತ ಬರಿ.”

“ಸುಡುವುದೇ?” ಎಂದು ಬೆಚ್ಚಿದೆ. ಯಜಮಾನಿಕೆಯ ಅಧಿಕಾರದಲ್ಲಿ ಕೇಳುವುದಕ್ಕೆ ಆ ಪದವಂತೆ. ಪಾಸ್‌ವರ್ಡ್ ಒತ್ತಿದರೆ ಒಂದು ಚುಕ್ಕೆಯೂ ಕಾಣಲಿಲ್ಲ, ಕೀಲಿಮಣೆಯೂ ಕೆಟ್ಟಿತೆಂದುಕೊಂಡೆ. ಹಾಗೆ ಕಾಣದಿರುವುದೇ ಅದರ ರೀತಿಯಂತೆ. ಎಂಟರ್ ಒತ್ತಿದಾಗ ಉತ್ತರ ಬಂತು. ‘ಸಾಫ್ಟ್ ಬ್ಲಾಕ್ಡ್: ನೋ. ಹಾರ್ಡ್ ಬ್ಲಾಕ್ಡ್: ಯೆಸ್.’

“ಸಾಫ್ಟ್ ಆಗಿದ್ದರೆ ಇಲ್ಲಿಂದಲೇ ತೆಗೆಯಬಹುದಿತ್ತು. ಹಾರ್ಡ್ ಎಂದರೆ ಕೈಯಿಂದ ಹಾಕಿದ ಅಗುಳಿ. ಅಂಚಿನಲ್ಲೆಲ್ಲಾದರೂ ಸ್ವಿಚ್ ಇದೆಯೇನಮ್ಮ?”

ಕನ್ನಡಕ ಏರಿಸಿ, ಲ್ಯಾಪ್‌ಟಾಪನ್ನು ಮಗುವಿನ ಹಾಗೆ ತಿರುಗಿಸಿ ನೋಡಿದೆ. ಮುಂದಿನ ಅಂಚಿನಲ್ಲಿ, ಅಂಗೈ ಇಡುವ ಕಡೆ, ಅಕ್ಕಿ ಕಾಳಿನಷ್ಟು ಜಾರುಗುಂಡಿ. ಪಕ್ಕದಲ್ಲೇ ಕುಂಕುಮದ ಕಲೆ. ಒರೆಸುವ ಬಟ್ಟೆಯ ಭಕ್ತಿಗೆ ಅದು ಎಡಕ್ಕೆ ಸರಿದಿತ್ತು. ಉಗುರಿನಿಂದ ಬಲಕ್ಕೆ ತಳ್ಳಿದೆ. ಕಿತ್ತಳೆ ದೀಪ ನೀಲಿಯಾಯಿತು, ಬೀದಿಯ ವೈಫೈಗಳೆಲ್ಲ ಸಾಲಾಗಿ ನಿಂತವು.

ಎಲ್ಲ ಕೇಡೂ ಇಷ್ಟು ಅಗ್ಗದಲ್ಲಿ ಮುಗಿಯುವುದಿಲ್ಲ. ಬ್ಯಾಟರಿ ಉಬ್ಬಿದರೆ, ಫ್ಯಾನು ನಿಂತರೆ ನಾನು ಮತ್ತೆ ಅಂಗಡಿಗೇ ಹೋಗಬೇಕು. ಆದರೆ ಕೇಳುವ ಕ್ರಮ ಒಂದು ನನಗೆ ಸಿಕ್ಕಿದೆ. ಅಮೂಲ್ಯವಾದದ್ದನ್ನು ಮೊದಲು ಎತ್ತಿಡು. ಆಮೇಲೆ ಒಂದೊಂದೇ ಅನುಮಾನವನ್ನು ಪರೀಕ್ಷಿಸಿ ತಳ್ಳಿಹಾಕು. ಒಮ್ಮೆಗೆ ಎರಡನ್ನು ಬದಲಿಸಬೇಡ. ಆ ಕಪ್ಪು ಪರದೆ ‘ನಿನಗೆ ಗೊತ್ತಾಗಲ್ಲ ಬಿಡು’ ಎನ್ನಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಈಗ ಪ್ರತಿ ಸಭೆಯ ಸಂಜೆ ಲೆಕ್ಕದ ಒಂದು ಪ್ರತಿ ಪೆನ್‌ಡ್ರೈವಿಗೆ ಹೋಗುತ್ತದೆ. ಆ ಪೆನ್‌ಡ್ರೈವು ಬೀರುವಿನಲ್ಲಿ, ರೇಷ್ಮೆ ಸೀರೆಯ ಕೆಳಗೆ.

ಬೆಳಿಗ್ಗೆ ನಮ್ಮವರು ಕಾಫಿ ಕುಡಿಯುತ್ತ, “ಸರಿಹೋಯಿತಾ? ಯಾರು ಮುಟ್ಟಿದ್ದು?” ಎಂದರು.

“ನಾನೇ,” ಎಂದೆ. “ಎರಡು ಸಲವೂ.”