ನಮ್ಮೂರಿನ ಯುದ್ಧಕ್ಕೆ ಪ್ಲಾಸ್ಟಿಕ್ ಸೈನಿಕರು

ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರ್‌ಗಳಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಸಿಗುವ ಹಸಿರು ಪ್ಲಾಸ್ಟಿಕ್ ಸೈನಿಕರನ್ನು ನೀವೆಲ್ಲ ನೋಡಿರುತ್ತೀರಿ. ಹೆಬ್ಬೆರಳಿನಷ್ಟು ಎತ್ತರ, ಕೈಯಲ್ಲಿ ಬಂದೂಕು, ತಲೆಗೆ ಹೆಲ್ಮೆಟ್. ಅವರಿಗೆ ಬಣ್ಣ ಹಚ್ಚುವುದು, ಆಮೇಲೆ ಮೇಜಿನ ಮೇಲೆ ನಿಲ್ಲಿಸಿ ಯುದ್ಧದ ಆಟ ಆಡುವುದು ನನ್ನ ಮತ್ತು ನನ್ನ ಮೂವರು ಗೆಳೆಯರ ಹವ್ಯಾಸ. "ಇತ್ತಾ ಬಡಾ ಹೋಕೋ ಖಿಲೌನೆ ಸೇ ಖೇಲ್ತಾ ಕ್ಯಾ?" ಎಂದು ಅಮ್ಮಿ ಕೇಳುತ್ತಾರೆ. ಇಷ್ಟು ದೊಡ್ಡವನಾಗಿ ಆಟಿಕೆ ಹಿಡಿದು ಕೂತಿದ್ದೀಯಲ್ಲ ಎಂದು.

ಆದರೆ ಇದು ದೊಡ್ಡವರದೇ ಆಟ. ನಮ್ಮ ಚದುರಂಗವೇ ಇದಕ್ಕೆ ಅಜ್ಜ. ನಮ್ಮ ಮನೆಯಲ್ಲಿ ಅದನ್ನು ಶತ್ರಂಜ್ ಎನ್ನುತ್ತೇವೆ, ಪದಾತಿಗೆ ಪ್ಯಾದಾ ಎನ್ನುತ್ತೇವೆ. ಪ್ರಷ್ಯಾ ದೇಶದಲ್ಲಿ ರೈಸ್ವಿಟ್ಜ್ ಎಂಬವರು 1812ರಲ್ಲಿ ಮೇಜಿನ ಮೇಲಿನ ಯುದ್ಧದ ಆಟವನ್ನು ರಾಜನಿಗೇ ಒಪ್ಪಿಸಿದರು. ಅವರ ಮಗ 1824ರಲ್ಲಿ ಅದರ ನಿಯಮಗಳನ್ನು ಅಚ್ಚು ಹಾಕಿಸಿದರು. ಸೇನಾಧಿಕಾರಿಗಳಿಗೆ ಅದು ಪಾಠವಾಯಿತು. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಆಟಕ್ಕೆಂದೇ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದರು.

ಯಾವ ಯುದ್ಧವನ್ನು ಆಡುವುದು ಎಂದು ಹುಡುಕುವಾಗ ನಮಗೆ ಸಿಕ್ಕಿದ್ದು ನಮ್ಮೂರೇ. ಮೂರನೇ ಆಂಗ್ಲೋ-ಮೈಸೂರು ಯುದ್ಧದ ಪಾಠದಲ್ಲಿ ಶ್ರೀರಂಗಪಟ್ಟಣ ಬರುತ್ತದೆ, ಹೊಳೆಹೊನ್ನೂರು ಬರುವುದಿಲ್ಲ. ಆದರೆ ಡಿಸೆಂಬರ್ 1791ರಲ್ಲಿ ಪರಶುರಾಮ ಭಾವೂನ ಮರಾಠಾ ಸೈನ್ಯ ಮತ್ತು ಅದರ ಜೊತೆಗಿದ್ದ ಕ್ಯಾಪ್ಟನ್ ಲಿಟಲ್‌ನ ಮುಂಬಯಿ ಸಿಪಾಯಿಗಳು ಹೊಳೆಹೊನ್ನೂರಿನ ಕೋಟೆ ಹಿಡಿದು ಶಿವಮೊಗ್ಗದ ಕಡೆ ನಡೆದರು. ಅಂದಿನ ಇಂಗ್ಲಿಷ್ ಬರಹಗಳಲ್ಲಿ ನಮ್ಮೂರಿನ ಹೆಸರು 'ಹೂಲಿ ಒನೋರ್'. ಡಿಸೆಂಬರ್ 29ರಂದು ಶಿವಮೊಗ್ಗದ ಹತ್ತಿರದ ಕಾಡಿನಲ್ಲಿ ಟಿಪ್ಪುವಿನ ಸರದಾರ ರೆಜಾ ಸಾಹೇಬನ ಪಡೆಗೂ ಅವರಿಗೂ ಯುದ್ಧವಾಯಿತು. ಮೈಸೂರಿನವರು ಸೋತರು. ಜನವರಿ 1792ರ ಮೊದಲ ವಾರದಲ್ಲಿ ಶಿವಮೊಗ್ಗ ಕೋಟೆಯೂ ಶರಣಾಯಿತು.

ಈಗ ಬಣ್ಣದ ವಿಷಯ. ಪ್ಯಾಕೆಟ್ ಸೈನಿಕರು ಮೆದು ಪ್ಲಾಸ್ಟಿಕ್‌ನವರು, ನೇರವಾಗಿ ಹಚ್ಚಿದರೆ ಬಣ್ಣ ಸಿಪ್ಪೆಯಂತೆ ಎದ್ದು ಬರುತ್ತದೆ. ಮೊದಲು ಸೋಪು ನೀರಿನಲ್ಲಿ ತೊಳೆದು ಎಣ್ಣೆಜಿಡ್ಡು ತೆಗೆಯಬೇಕು. ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ತೆಳ್ಳಗೆ ಬಳಿಯಬೇಕು. ಆಮೇಲೆ ಅಕ್ರಿಲಿಕ್ ಬಣ್ಣ. ಒಂದೇ ಸಲ ದಪ್ಪಗೆ ಹಚ್ಚುವ ಬದಲು ಎರಡು ಸಲ ತೆಳ್ಳಗೆ ಹಚ್ಚಿದರೆ ಅಂಗಿಯ ಮಡಿಕೆ ಮುಚ್ಚಿಹೋಗುವುದಿಲ್ಲ. ಕೊನೆಗೆ ಕಪ್ಪು ಬಣ್ಣವನ್ನು ನೀರಿನಂತೆ ಮಾಡಿ ಸವರಿದರೆ ಅದು ಮಡಿಕೆಗಳಲ್ಲಿ ಇಳಿದು ನೆರಳಿನಂತೆ ಕಾಣುತ್ತದೆ.

ಹೆಲ್ಮೆಟ್ಟಿಗೆ ಅಂಟು ಸವರಿದ ಹೊಲಿಗೆ ದಾರ ಸುತ್ತಿದರೆ ಪೇಟ ತಯಾರು. ಟಿಪ್ಪುವಿನ ಕಾಲಾಳುಗಳಿಗೆ ನೇರಳೆ ಬಣ್ಣ, ಅದರ ಮೇಲೆ ಬಿಳಿ ಹುಲಿಪಟ್ಟೆ. ಕಂಪನಿಯ ಸಿಪಾಯಿಗಳಿಗೆ ಕೆಂಪು ಕೋಟು. ಮರಾಠಾ ಕುದುರೆ ಸವಾರರಿಗೆ ಒಂದೇ ಸಮವಸ್ತ್ರ ಇರಲಿಲ್ಲ, ಹಾಗಾಗಿ ಉಳಿದ ಬಣ್ಣಗಳೆಲ್ಲ ಅವರಿಗೆ. ಕುದುರೆಗಳು ಅರ್ಧ ಕಳೆದುಹೋದ ಶತ್ರಂಜ್ ಸೆಟ್ಟುಗಳಿಂದ ಬಂದವು. ಕಾಡಿಗೆ ಅಡಿಕೆ ಸಿಪ್ಪೆ, ನೆಲಕ್ಕೆ ಭದ್ರಾ ಹೊಳೆಯ ಮರಳು. ಇದಕ್ಕೆಲ್ಲ ದೊಡ್ಡ ಮಾದರಿ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿದೆ. 1780ರ ಪೊಳ್ಳಿಲೂರು ಯುದ್ಧವನ್ನು ಅಲ್ಲಿ ಸಾಲು ಸಾಲು ಸೈನಿಕರ ಸಮೇತ ಬರೆದಿದ್ದಾರೆ.

ಮುಖಕ್ಕೆ ಮಾತ್ರ ನಾನು ಕಣ್ಣು ಮೂಗು ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಗೊಂಬೆಗಳನ್ನು ಶೋಕೇಸಿನಲ್ಲಿ ಇಡುವ ರೂಢಿಯಿಲ್ಲ. ಆಟ ಮುಗಿದ ಕೂಡಲೇ ಎಲ್ಲರೂ ಬಿಸ್ಕತ್ತಿನ ಡಬ್ಬಿಗೆ ಸೇರಬೇಕು ಎಂಬುದು ದಾದಿಯ ಷರತ್ತು. ಮುಖಕ್ಕೆ ಹಚ್ಚುವುದು ಬರೀ ಕಂದು ಬಣ್ಣ. ಅದನ್ನು ಹಚ್ಚುವಾಗಲೇ ನನಗೆ ಒಂದು ವಿಷಯ ಹೊಳೆಯಿತು. ಕೋಟಿನ ಬಣ್ಣಕ್ಕೆ ಬೇರೆ ಬೇರೆ ಬಾಟಲಿ ಬೇಕು, ಮುಖಕ್ಕೆ ಮೂರೂ ಸೈನ್ಯಕ್ಕೆ ಒಂದೇ ಬಾಟಲಿ ಸಾಕು. ಬೇರೆ ಬಣ್ಣ ಬೇಕಾದದ್ದು ಬೆರಳೆಣಿಕೆಯ ಇಂಗ್ಲಿಷ್ ಅಧಿಕಾರಿಗಳಿಗೆ ಮಾತ್ರ.

"ನೀನು ಟಿಪ್ಪು ಕಡೆ ತಾನೇ?" ಎಂದು ತರಗತಿಯಲ್ಲಿ ಒಬ್ಬ ನಗುತ್ತಾ ಕೇಳಿದ್ದ. ನಮ್ಮ ಗುಂಪಿನಲ್ಲಿ ಇಬ್ಬರ ಮನೆಮಾತು ಉರ್ದು, ಇಬ್ಬರದು ಕನ್ನಡ. ಅಂದಿನಿಂದ ನಾವು ಚೀಟಿ ಎತ್ತಿ ಕಡೆ ನಿರ್ಧರಿಸುತ್ತೇವೆ. ನಾನು ಪರಶುರಾಮ ಭಾವೂ ಆಗಿ ಗೆದ್ದಿದ್ದೇನೆ, ಕನ್ನಡದ ಗೆಳೆಯ ರೆಜಾ ಸಾಹೇಬನಾಗಿ ಕೊನೆಯ ಸೈನಿಕನವರೆಗೆ ಕಾಡು ಬಿಟ್ಟುಕೊಟ್ಟಿಲ್ಲ. ನಿಜವಾದ ಯುದ್ಧದಲ್ಲೂ ಧರ್ಮ ನೋಡಿ ಕಡೆಗಳು ಆಗಿರಲಿಲ್ಲ. ಹೈದರಾಬಾದಿನ ನಿಜಾಮ ಇಂಗ್ಲಿಷರ ಜೊತೆಗಿದ್ದ, ಪೂರ್ಣಯ್ಯ ಟಿಪ್ಪುವಿನ ಜೊತೆಗಿದ್ದರು. ಚೀಟಿ ಎತ್ತಿ ಎದುರಿನ ಕಡೆ ಕೂತಾಗ ಇದು ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮದು ಒಂದೇ ದಿನದ ಆಟವಲ್ಲ. ಮೊದಲು ಹೊಳೆಹೊನ್ನೂರು ಕೋಟೆ, ನಂತರ ಕಾಡು, ಕೊನೆಗೆ ಶಿವಮೊಗ್ಗ ಕೋಟೆ. ಇಂಥ ಸರಣಿಗೆ ಕ್ಯಾಂಪೇನ್ ಎನ್ನುತ್ತಾರೆ. ಕಾಮರ್ಸ್‌ನವರಿಗೆ ಸುಲಭವಾಗಿ ಹೇಳುವುದಾದರೆ, ಮೊದಲ ಯುದ್ಧದ ಕ್ಲೋಸಿಂಗ್ ಬ್ಯಾಲೆನ್ಸೇ ಎರಡನೆಯದರ ಓಪನಿಂಗ್ ಬ್ಯಾಲೆನ್ಸ್. ಸತ್ತವರು ವಾಪಸ್ ಬರುವುದಿಲ್ಲ. ಲೆಕ್ಕದ ಪುಸ್ತಕ ನನ್ನ ಬಳಿಯೇ ಇದೆ. ಒಂದು ಗೊಂಬೆ ಎಂದರೆ 50 ಜನ. ಒಂದು ಸಂಜೆ ಆರು ಗೊಂಬೆಗಳನ್ನು ಡಬ್ಬಿಗೆ ಹಾಕಿ 300 ಎಂದು ಬರೆದೆ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮಿ, "ಅಷ್ಟೂ ಜನರ ಮನೆಗೆ ಯಾರು ಹೋಗಿ ಹೇಳಿದರು?" ಎಂದು ಕೇಳಿದರು. ಆ ಕಾಲಂ ನನ್ನ ಪುಸ್ತಕದಲ್ಲಿ ಇರಲಿಲ್ಲ.

ಈ ದಂಡಯಾತ್ರೆಯ ಬಗ್ಗೆ ಪುಸ್ತಕ ಬರೆದವನು ಎಡ್ವರ್ಡ್ ಮೂರ್. ಹನ್ನೆರಡು ತುಂಬುವ ಮೊದಲೇ ಕಂಪನಿಯ ಸೇನೆಗೆ ಸೇರಿದ ಹುಡುಗ. ಆ ಕಾಡಿನ ಯುದ್ಧದಲ್ಲಿ ಗಾಯಗೊಂಡಾಗ ಅವನಿಗೆ ಇಪ್ಪತ್ತರ ಆಸುಪಾಸು, ನಮಗಿಂತ ಮೂರು ನಾಲ್ಕು ವರ್ಷ ದೊಡ್ಡವನು. ಅವನು ಬದುಕಿ ಊರಿಗೆ ಮರಳಿದ, 1794ರಲ್ಲಿ ಪುಸ್ತಕ ತಂದ, ಹಾಗಾಗಿ ಅವನ ಹೆಸರು ನಮಗೆ ಗೊತ್ತು. ಹುಲಿಪಟ್ಟೆ ತೊಟ್ಟವರಲ್ಲೂ ಕೆಂಪು ಕೋಟು ತೊಟ್ಟವರಲ್ಲೂ ಅದೇ ವಯಸ್ಸಿನವರು ಇದ್ದಿರಬೇಕು. ಅವರ ಕೈಯಲ್ಲಿ ಲೇಖನಿ ಇರಲಿಲ್ಲ.

ಹಾಗಾಗಿ ಈಗ ನಾನು ಒಂದೊಂದು ಗೊಂಬೆಯ ಪೀಠದ ಅಡಿಯಲ್ಲಿ ಒಂದು ಊರಿನ ಹೆಸರು ಬರೆಯುತ್ತಿದ್ದೇನೆ: ಕೂಡ್ಲಿ, ಆನವೇರಿ, ಧಾರವಾಡ, ಮೀರಜ್, ರತ್ನಾಗಿರಿ. ಗೊಂಬೆ ಬಿದ್ದಾಗ ಲೆಕ್ಕದ ಪುಸ್ತಕದಲ್ಲಿ ಸಂಖ್ಯೆಯ ಪಕ್ಕ ಊರನ್ನೂ ಬರೆಯಬೇಕು ಎಂಬುದು ನಮ್ಮ ಹೊಸ ನಿಯಮ. ಆಟ ಸ್ವಲ್ಪ ನಿಧಾನವಾಗಿದೆ, ಸುಮ್ಮನೆ ಸೈನಿಕರನ್ನು ಮುಂದೆ ನೂಕುವುದೂ ಕಡಿಮೆಯಾಗಿದೆ. ಆಸಕ್ತಿ ಇರುವವರು ಪರೀಕ್ಷೆ ಮುಗಿದ ಮೇಲೆ ಬನ್ನಿ. ಬಣ್ಣ, ಬ್ರಷ್ಷು ನಮ್ಮಲ್ಲಿವೆ. ಯಾವ ಕಡೆ ಎಂಬುದನ್ನು ಮಾತ್ರ ಚೀಟಿಯೇ ಹೇಳುತ್ತದೆ.