ಬೇಲಿಯ ಹೂವು, ಘಟ್ಟದ ಮರ

ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕೂತರೆ ಸಾಕು, ಯಾರಿಗಾದರೂ ನಾರುಬೇರು ಹೇಳಿಕೊಡುವವರು ಸಿಕ್ಕೇ ಸಿಗುತ್ತಾರೆ. ಸಕ್ಕರೆ ಕಾಯಿಲೆಗೆ ಒಂದು ಸೊಪ್ಪು, ಕಾಮಾಲೆಗೆ ಒಂದು ಬೇರು. ಕ್ಯಾನ್ಸರ್ ಮಾತು ಬಂದರೆ ಮಾತ್ರ ದನಿ ತಗ್ಗುತ್ತದೆ. "ಕೀಮೋ ಗೀಮೋ ಎಲ್ಲ ಬ್ಯಾಡ ಮಾರಾಯ್ರೆ, ಅದು ಬರೀ ಕೆಮಿಕಲ್ಲು. ಗಿಡದ್ದಾದ್ರೆ ಏನೂ ತೊಂದ್ರೆ ಇಲ್ಲ." ಆನಂದಪುರದ ಹತ್ತಿರದ ನರಸೀಪುರಕ್ಕೆ ಮರದ ಚಕ್ಕೆಯ ಔಷಧಿಗಾಗಿ ರಾಜ್ಯದಾಚೆಯಿಂದಲೂ ಜನ ಬಂದು, ರಾತ್ರಿಯಿಂದಲೇ ಸಾಲು ಹಿಡಿಯುತ್ತಿದ್ದುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಆ ಸಾಲಿನಲ್ಲಿ ನಿಂತವರ ಸಂಕಟ ದೊಡ್ಡದು, ಅದನ್ನು ಹಗುರ ಮಾಡಿ ಮಾತಾಡಬಾರದು. ಆದರೆ ಅವರಿಗೆ ಒಂದು ವಿಷಯ ಹೇಳಬೇಕು ಅನಿಸುತ್ತದೆ. ಆಸ್ಪತ್ರೆಯಲ್ಲಿ ನರದೊಳಗೆ ಇಳಿಸುವ ಔಷಧಿಯೂ ಎಷ್ಟೋ ಸಲ ಗಿಡದಿಂದಲೇ ಬಂದದ್ದು.

ನಿತ್ಯಪುಷ್ಪ ಯಾರಿಗೆ ಗೊತ್ತಿಲ್ಲ? ಕೆಲವರು ಕಾಶಿಕಣಗಿಲೆ ಅನ್ನುತ್ತಾರೆ. ಶಿಕಾರಿಪುರದ ಬಿಸಿಲಿಗೆ ಹಿತ್ತಿಲಲ್ಲಿ, ಬೇಲಿಯ ಬುಡದಲ್ಲಿ, ಸ್ಮಶಾನದ ಅಂಚಿನಲ್ಲಿ ನೀರು ಕಾಣದೆಯೂ ಐದೆಸಳಿನ ಹೂ ಬಿಟ್ಟುಕೊಂಡು ನಿಂತಿರುತ್ತದೆ. ಎಲೆ ಚಿವುಟಿದರೆ ಹಾಲು ಒಸರುತ್ತದೆ. ದನ ಕೂಡ ಅದಕ್ಕೆ ಬಾಯಿ ಹಾಕುವುದಿಲ್ಲ. ಮೂಲ ಮಡಗಾಸ್ಕರ್ ದ್ವೀಪವಾದರೂ ಇಷ್ಟು ಕಾಲದಲ್ಲಿ ನಮ್ಮದೇ ಆಗಿಬಿಟ್ಟಿದೆ.

ಇದರ ಕಥೆ ಶುರುವಾಗುವುದೂ ಸಕ್ಕರೆ ಕಾಯಿಲೆಯಿಂದಲೇ. ಜಮೈಕಾದಲ್ಲಿ ಜನ ಈ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಒಂದಿಷ್ಟು ಎಲೆ ಅಂಚೆಯಲ್ಲಿ ಕೆನಡಾ ತಲುಪಿತು. ಅಲ್ಲಿ ಸಂಶೋಧಕ ರಾಬರ್ಟ್ ನೋಬಲ್ ಇಲಿಗಳಿಗೆ ಕೊಟ್ಟು ನೋಡಿದರೆ ಸಕ್ಕರೆ ಇಳಿಯಲೇ ಇಲ್ಲ. ಇಳಿದದ್ದು ರಕ್ತದ ಬಿಳಿಕಣ. ಕೈಬಿಡಬಹುದಾಗಿದ್ದ ಪ್ರಯೋಗವನ್ನು ಅವರು ಬಿಡಲಿಲ್ಲ. ಬಿಳಿಕಣ ಮಿತಿಮೀರಿ ಬೆಳೆಯುವ ರೋಗವೂ ಒಂದಿದೆಯಲ್ಲ, ರಕ್ತದ ಕ್ಯಾನ್ಸರ್! ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬೀರ್ ಜೊತೆಗೂಡಿ ಅವರು ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ಔಷಧಿ ಬೇರ್ಪಡಿಸಿದರು. ಅಮೆರಿಕದ ಲಿಲ್ಲಿ ಔಷಧಿ ಕಂಪನಿಯವರು ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ಹೊರತೆಗೆದರು, 1963ರಲ್ಲಿ ಅದಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಬದುಕುಳಿಯುವುದೇ ಅಪರೂಪವಾಗಿದ್ದ ಕಾಲವದು. ಈಗ ವಿನ್‌ಕ್ರಿಸ್ಟಿನ್ ಜೊತೆಗೆ ಬೇರೆ ಔಷಧಿಗಳೂ ಸೇರಿ, ಒಳ್ಳೆಯ ಚಿಕಿತ್ಸೆ ಸಿಕ್ಕ ಕಡೆ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಹಾಗಂತ ಹಿತ್ತಿಲ ಗಿಡ ಅರೆದು ಕುಡಿಯುವಂತಿಲ್ಲ. ಟನ್‌ಗಟ್ಟಲೆ ಒಣ ಎಲೆಯಿಂದ ಸಿಗುವ ಔಷಧಿ ಕೆಲವೇ ಗ್ರಾಂ. ಎಲೆಯಲ್ಲಿ ಅದರ ಜೊತೆಗೆ ಹತ್ತಾರು ಬೇರೆ ವಿಷಗಳಿವೆ.

ವಿನ್‌ಕ್ರಿಸ್ಟಿನ್ ಕೆಲಸ ಮಾಡುವ ರೀತಿ ಕೇಳಿ. ಒಂದು ಜೀವಕಣ ಎರಡಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯಲು ಕಣದೊಳಗೆ ಸಣ್ಣ ಎಳೆಗಳು ಕಟ್ಟಿಕೊಳ್ಳುತ್ತವೆ. ವಿನ್‌ಕ್ರಿಸ್ಟಿನ್ ಆ ಎಳೆ ಕಟ್ಟಲು ಬಿಡುವುದಿಲ್ಲ. ಕಣ ಅರ್ಧದಲ್ಲೇ ನಿಂತು ಸಾಯುತ್ತದೆ. ಯೂ ಮರದ ತೊಗಟೆಯಿಂದ ಬಂದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿ ಮಾಡುವುದು ಇದಕ್ಕೆ ತದ್ವಿರುದ್ಧ. ಕಟ್ಟಿದ ಎಳೆ ಬಿಚ್ಚಿಕೊಳ್ಳಲು ಅದು ಬಿಡುವುದಿಲ್ಲ. ಕೊನೆಗೆ ಆಗುವುದು ಮಾತ್ರ ಒಂದೇ.

ಇಂಥ ಔಷಧಿಯ ಮರ ನಮ್ಮ ಕಡೆಯೂ ಇದೆ. ಶಿಕಾರಿಪುರ ಬಿಟ್ಟು ಸೊರಬದ ಕಡೆ ಹೊರಟರೆ ಬಯಲು ಕರಗಿ ಕಾನು ಅನ್ನುವ ದಟ್ಟ ಕಾಡು ಶುರುವಾಗುತ್ತದೆ. ಇಲ್ಲಿಂದ ಪಶ್ಚಿಮಕ್ಕೆ, ಘಟ್ಟದ ಕಾಡಿನಲ್ಲಿ ದುರ್ವಾಸನೆ ಮರ ಅಂತ ಒಂದಿದೆ. ಹೂ ಬಿಟ್ಟಾಗ ಹತ್ತಿರ ನಿಲ್ಲಲಾಗದು. ಚೀನಾದ ಒಂದು ಮರದಲ್ಲಿ ಮನ್ರೋ ವಾಲ್ ಮತ್ತು ನಂದುರ್‌ಬಾರ್‌ನಲ್ಲಿ ಹುಟ್ಟಿದ ನಮ್ಮ ದೇಶದ ಮನ್‌ಸುಖ್ ವಾಣಿ 1966ರಲ್ಲಿ ಕಂಡ, ಕ್ಯಾನ್ಸರ್ ಕಣ ಕೊಲ್ಲುವ ಕ್ಯಾಂಪ್ಟೋಥೆಸಿನ್ ಈ ದುರ್ವಾಸನೆ ಮರದಲ್ಲೂ ಧಾರಾಳವಾಗಿದೆ ಎಂದು 1972ರಲ್ಲಿ ರಸಾಯನಶಾಸ್ತ್ರಜ್ಞ ಟಿ.ಆರ್. ಗೋವಿಂದಾಚಾರಿ ತೋರಿಸಿಕೊಟ್ಟರು.

ಹುರಿ ಹೊಸೆದು ಗೊತ್ತಿದ್ದವರಿಗೆ ಕ್ಯಾಂಪ್ಟೋಥೆಸಿನ್‌ನ ಕೆಲಸ ಬೇಗ ಅರ್ಥವಾಗುತ್ತದೆ. ಎರಡೆಳೆಯ ಹುರಿಯನ್ನು ಒಂದು ತುದಿಯಿಂದ ಬಿಡಿಸುತ್ತ ಹೋದರೆ ಮುಂದಿನ ಭಾಗ ಸುತ್ತಿಕೊಂಡು ಗಂಟಾಗುತ್ತದೆ. ನಮ್ಮ ಡಿಎನ್‌ಎಗೂ ಅದೇ ಪಾಡು. ಕಣದಲ್ಲಿರುವ ಒಂದು ಕಿಣ್ವ ಒಂದೆಳೆಯನ್ನು ಕತ್ತರಿಸಿ, ತಿರುಚು ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೋಥೆಸಿನ್ ಆ ಕತ್ತರಿಸಿದ ಜಾಗದಲ್ಲಿ ಸಿಕ್ಕಿಕೊಂಡು ಬೆಸೆಯಲು ಬಿಡುವುದಿಲ್ಲ. ಕಣ ಡಿಎನ್‌ಎ ನಕಲು ಮಾಡುತ್ತ ಅಲ್ಲಿಗೆ ಬಂದಾಗ ಎಳೆ ಪೂರಾ ತುಂಡಾಗುತ್ತದೆ. ಮೊದಮೊದಲು ಅದನ್ನು ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗಿ ಪ್ರಯೋಗ ನಿಲ್ಲಿಸಬೇಕಾಯಿತು. ಅದನ್ನೇ ತಿದ್ದಿ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್ ಬಂದದ್ದು ತೊಂಬತ್ತರ ದಶಕದಲ್ಲಿ. ಇರಿನೊಟೆಕಾನನ್ನು ಇವತ್ತು ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುತ್ತಾರೆ. ಗಿಡದ್ದಾದರೆ ತೊಂದರೆ ಇಲ್ಲ ಎಂಬ ಮಾತಿಗೆ ಆ ರಕ್ತಸ್ರಾವಕ್ಕಿಂತ ಬೇರೆ ಉತ್ತರ ಬೇಕೆ?

ಬೇಡಿಕೆ ಬಂದದ್ದೇ ತಡ, ಘಟ್ಟದ ಆ ದುರ್ವಾಸನೆ ಮರಗಳನ್ನು ಬುಡಸಹಿತ ಕಡಿದು ಚಕ್ಕೆ ಮಾಡಿ ಹೊರದೇಶಕ್ಕೆ ಸಾಗಿಸಿದರು. ಇದು ನನಗೆ ನಿಜವಾಗಿ ಹೊಟ್ಟೆ ಉರಿಸುವ ಸಂಗತಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಉಮಾಶಂಕರ ಮತ್ತು ಸಂಗಡಿಗರು ಘಟ್ಟದುದ್ದಕ್ಕೂ ಓಡಾಡಿ, ಹೆಚ್ಚು ಔಷಧಿ ಅಂಶವಿರುವ ಮರಗಳನ್ನು ಗುರುತಿಸಿದ್ದಾರೆ. ಕಾಡು ಕಡಿಯದೆ ನೆಟ್ಟು ಬೆಳೆಸಲು ಅದು ದಾರಿ.

ಇನ್ನು ಕೀಮೋದಲ್ಲಿ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಏಕೆ ಎಂದರೆ ಕೂದಲ ಬುಡ, ಬಾಯಿ, ಕರುಳಿನ ಒಳಪೊರೆಯ ಕಣಗಳೂ ಬೇಗ ಬೇಗ ಎರಡಾಗುವಂಥವು. ಔಷಧಿಗೆ ಅವನ್ನು ಕ್ಯಾನ್ಸರ್ ಕಣದಿಂದ ಪೂರ್ತಿ ಬೇರೆಯಾಗಿ ಗುರುತಿಸಲಾಗದು. ಚಿಕಿತ್ಸೆ ಮುಗಿದ ಮೇಲೆ ಇವೆಲ್ಲ ಸಾಮಾನ್ಯವಾಗಿ ಸರಿಹೋಗುತ್ತವೆ.

ಶಿಕಾರಿಪುರ, ಸೊರಬ, ನಮ್ಮ ಎರಡೂ ತಾಲ್ಲೂಕಿನವರಿಗೆ ಕೈಮುಗಿದು ಕೇಳುವುದಿಷ್ಟು. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಚೀಟಿ ಬರೆದುಕೊಟ್ಟಿದ್ದರೆ ತಡಮಾಡದೆ ಹೋಗಿ. ಕಷಾಯ ಏನಾದರೂ ಕುಡಿಯುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಕೀಮೋ ಕೊಡುವ ತಾರೀಕನ್ನು ಮಾತ್ರ ತಪ್ಪಿಸಬೇಡಿ.